ಒಂದು ಪದ್ಯ ಓದ್ಲಾ?

"ಒಂದು ಪದ್ಯ ಓದ್ಲಾ?"

ಮೈಕ್ ಮುಂದೆ ನಿಂತು ಟೀಚರ್ ಕೇಳಿದ್ದು ಇಷ್ಟೇ. ಕೇಳಿದ್ದು ಸಭೆಯನ್ನಲ್ಲ, ಪಕ್ಕದಲ್ಲಿದ್ದ ನಿರೂಪಕರನ್ನು. ಆದರೆ ಮೈಕ್ ಹತ್ತಿರವೇ ಇತ್ತಲ್ಲ, ಕೊನೇ ಸಾಲಿನವರೆಗೂ ಕೇಳಿಸಿತು. ನಿರೂಪಕರು ಒಮ್ಮೆ ವಾಚು ನೋಡಿಕೊಂಡರು, ಒಮ್ಮೆ ಸಂಘದ ಕಾರ್ಯದರ್ಶಿಗಳ ಮುಖ ನೋಡಿದರು. ಕಾರ್ಯದರ್ಶಿಗಳು ಎದ್ದು ಬಂದು ಟೀಚರ್ ಕಿವಿಯಲ್ಲಿ ಏನೋ ಹೇಳಿದರು. "ಹೌದಾ, ಸರಿ ಸರಿ" ಅಂದರು ಟೀಚರ್. ಸಭೆಗೆ ಕೈ ಮುಗಿದರು. ಅವರ ಕೈಯಲ್ಲಿ ಮಡಚಿದ ಒಂದು ಹಾಳೆ ಇತ್ತು. ಅದನ್ನು ಇನ್ನೊಂದು ಸಲ ಮಡಚಿ, ಕೈಚೀಲಕ್ಕೆ ಹಾಕಿಕೊಂಡು, ಹೋಗಿ ಕುರ್ಚಿಯಲ್ಲಿ ಕೂತರು.

ಆ ಹಾಳೆ ಮಡಚಿದ ಕೈ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅದಾಗಿ ಎರಡು ತಿಂಗಳು ಕಳೆದಿದೆ. ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ಈಗಲೂ ರಾತ್ರಿ ಮಲಗಿದಾಗ ಆ ಮೂರು ಮಾತು ಕಿವಿಗೆ ಬರುತ್ತವೆ.

ಕಳೆದ ಡಿಸೆಂಬರಿನ ಕೊನೇ ವಾರದ ಕಾರ್ಯಕ್ರಮ ಅದು. 29ನೇ ತಾರೀಖು ಕುವೆಂಪು ಹುಟ್ಟಿದ ದಿನ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಆ ವಾರ ಬಂತೆಂದರೆ ಎಲ್ಲಾದರೂ ಒಂದು ಶಾಮಿಯಾನ ಏಳುತ್ತದೆ. ನಮ್ಮ ಸಂಘವೂ ಪ್ರತಿ ವರ್ಷ ರಾಷ್ಟ್ರಕವಿಯ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತದೆ. ನಾಡಿನ ಪರಂಪರೆಯನ್ನು ಕಾಪಾಡಿಕೊಂಡು ಬಂದ ಒಬ್ಬರಿಗೆ ಅಂತ. ಈ ಸಲ ಟೀಚರಿಗೆ. ಅವರಿಗೆ ಎಪ್ಪತ್ತೆಂಟು ವರ್ಷ. ಪ್ರೈಮರಿ ಶಾಲೆಯಲ್ಲಿ ಮೂವತ್ತೇಳು ವರ್ಷ ಪಾಠ ಹೇಳಿ ನಿವೃತ್ತರಾದವರು. ಗಮಕಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು. ಕುಮಾರವ್ಯಾಸನನ್ನು ಓದುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಹೊಸಹಳ್ಳಿ, ಮತ್ತೂರಿನ ಹೆಸರು ಗೊತ್ತಿಲ್ಲದವರಿಲ್ಲ. ಹೊಸಹಳ್ಳಿಯ ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಶಿವಮೊಗ್ಗಕ್ಕೆ ಶಿವಮೊಗ್ಗವೇ ಸಂಭ್ರಮಪಟ್ಟಿತ್ತು. ಆದರೆ ಟೀಚರ್ ಓದುವುದು ಕುವೆಂಪು ಅವರ ರಾಮಾಯಣ ದರ್ಶನವನ್ನು. ಐವತ್ತು ವರ್ಷದಿಂದ ಅದನ್ನೇ ಓದುತ್ತಿದ್ದಾರೆ.

ಕವಿಯ ಹೆಸರಿನ ಪ್ರಶಸ್ತಿ. ಕವಿಯ ಕಾವ್ಯವನ್ನೇ ಬದುಕಿಡೀ ಓದಿದವರಿಗೆ. ಅಂಥ ಸಭೆಯಲ್ಲಿ ಕವಿಯ ಒಂದು ಸಾಲೂ ಯಾರ ಬಾಯಿಂದಲೂ ಬರಲಿಲ್ಲ. ನಾಡಗೀತೆ ಇತ್ತು ನಿಜ. ಅದು ಮೊಬೈಲಿನಿಂದ ಸ್ಪೀಕರಿಗೆ ಹಾಕಿದ್ದು. ನಾವು ಎದ್ದು ನಿಂತಿದ್ದೆವು, ಅಷ್ಟೇ.

ನಾಲ್ಕು ಗಂಟೆಗೆ ಅಂತ ಆಹ್ವಾನ ಪತ್ರಿಕೆಯಲ್ಲಿತ್ತು. ಶುರುವಾದಾಗ ಐದೂ ಕಾಲು. ವೇದಿಕೆ ಮೇಲೆ ಹನ್ನೊಂದು ಜನ. ಹನ್ನೊಂದು ಜನಕ್ಕೂ ಸ್ವಾಗತ, ಹನ್ನೊಂದು ಜನಕ್ಕೂ ಹೂಗುಚ್ಛ, ಒಬ್ಬೊಬ್ಬರಿಗೂ ಎರಡು ಮಾತಿನ ಪರಿಚಯ. ಮುಖ್ಯ ಅತಿಥಿಗಳಿಗೆ ಶಿವಮೊಗ್ಗದಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು, ಅವರು ಬೇಗ ಹೊರಡಬೇಕಿತ್ತು. ಟೀಚರಿಗೆ ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು, ಸೀರೆ ಕೊಟ್ಟರು, ಫಲಕ ಕೊಟ್ಟರು. ಹಣ್ಣಿನ ಬುಟ್ಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಕಾಗದ ಮೈಕಿನಲ್ಲಿ ಚರಚರ ಅಂತ ಸದ್ದು ಮಾಡಿತು. ಫೋಟೋದವರು "ಈ ಕಡೆ, ಈ ಕಡೆ" ಅಂದರು. ಹನ್ನೊಂದು ಜನವೂ ಒಂದೊಂದು ಕೈ ಆ ಬುಟ್ಟಿಗೆ ಮುಟ್ಟಿಸಿಕೊಂಡು ನಿಂತರು. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಟೀಚರ್ ಮುಖದ ಅರ್ಧ ಬುಟ್ಟಿಯ ಹಿಂದಿದೆ.

ಮತ್ತೆ ಬಿನ್ನವತ್ತಳೆ, ಸನ್ಮಾನಿತರಿಗೆ ಓದಿ ಒಪ್ಪಿಸುವ ಮಾನಪತ್ರ. ಅದನ್ನು ಬರೆದವನು ನಾನು. ನಿಂತು ಓದಿದವನೂ ನಾನೇ. ಆಮೇಲೆ ಯಾರೋ ಕಳಿಸಿದ ವಿಡಿಯೋದಲ್ಲಿ ನೋಡಿದೆ. ನಾನು ಓದಿದ್ದು ಆರೂವರೆ ನಿಮಿಷ. ಟೀಚರ್ ಕೇಳಿದ್ದು ಮೂರು ನಿಮಿಷ ಇರಬಹುದು. ಆ ಮೂರು ನಿಮಿಷ ತಿಂದವರ ಸಾಲಿನಲ್ಲಿ ನಾನೂ ಇದ್ದೇನೆ.

ಆರೂವರೆ ನಿಮಿಷದ ಬಿನ್ನವತ್ತಳೆ

ಏಳೆಂಟು ವರ್ಷದಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. "ನಿನ್ನ ಕನ್ನಡ ಚೆನ್ನಾಗಿದೆ, ನೀನೇ ಬರಿ" ಅಂತ ಯಾರೋ ಮೊದಲು ಹೇಳಿದರು. ಆಮೇಲೆ ಅದು ರೂಢಿಯಾಯಿತು. ಕಾರ್ಯಕ್ರಮಕ್ಕೆ ಹತ್ತು ದಿನ ಇದ್ದಾಗ ಸನ್ಮಾನಿತರ ಪರಿಚಯ ವಾಟ್ಸಾಪಿನಲ್ಲಿ ಬರುತ್ತದೆ. ಹುಟ್ಟಿದ ಊರು, ತಂದೆ ತಾಯಿ ಹೆಸರು, ಓದು, ಕೆಲಸ, ಸಿಕ್ಕಿದ ಪ್ರಶಸ್ತಿ. ನಾನು ಕಂಪ್ಯೂಟರಿನಲ್ಲಿ ಹೋದ ವರ್ಷದ ಕಡತ ತೆಗೆಯುತ್ತೇನೆ. ಹೆಸರು ಬದಲಿಸುತ್ತೇನೆ. ಊರು ಬದಲಿಸುತ್ತೇನೆ. "ನಾಡಿನ ಹೆಮ್ಮೆಯ", "ಎಲೆಮರೆಯ ಕಾಯಿಯಂತೆ", "ತಮ್ಮ ಬದುಕನ್ನೇ ಮುಡಿಪಾಗಿಟ್ಟ" ಇವೆಲ್ಲ ಇದ್ದ ಜಾಗದಲ್ಲೇ ಇರುತ್ತವೆ. ಎರಡು ವರ್ಷದ ಹಿಂದೆ ಹಸೆ ಚಿತ್ತಾರ ಬರೆಯುವ ಸಾಗರದ ಕಡೆಯ ಒಬ್ಬ ಅಮ್ಮನಿಗೆ ಬರೆದದ್ದು, ಹೋದ ವರ್ಷ ಅಂಟಿಗೆ ಪಿಂಟಿಗೆ ಹಾಡುವ ಒಬ್ಬ ಹಿರಿಯರಿಗೆ ಬರೆದದ್ದು, ಈ ವರ್ಷ ಟೀಚರಿಗೆ ಬರೆದದ್ದು, ಮೂರನ್ನೂ ಮೊನ್ನೆ ಪಕ್ಕಪಕ್ಕ ಇಟ್ಟು ನೋಡಿದೆ. ಒಬ್ಬರು ಗೋಡೆ ಮೇಲೆ ಬರೆಯುವವರು. ಒಬ್ಬರು ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ನಡೆಯುವವರು. ಒಬ್ಬರು ಪುಸ್ತಕ ಇಟ್ಟುಕೊಂಡು ಓದುವವರು. ಹೆಸರು ಮುಚ್ಚಿದರೆ ಮೂರೂ ಒಬ್ಬರದ್ದೇ.

ಬಿನ್ನವತ್ತಳೆ ಅನ್ನುವ ಮಾತಿನ ಒಳಗೇ ಬಿನ್ನಪ ಇದೆ. ತಗ್ಗಿ, ಎದುರಿಗೆ ನಿಂತು ಅರಿಕೆ ಮಾಡಿಕೊಳ್ಳುವುದು. ಅದಕ್ಕೇ ಹಳೇ ಬಿನ್ನವತ್ತಳೆಗಳು "ತಾವು" ಅಂತ ಶುರುವಾಗುತ್ತವೆ. ನಾನೂ "ತಾವು" ಅಂತಲೇ ಬರೆದಿದ್ದೆ. ಆದರೆ ಓದುವಾಗ ನಾನು ಟೀಚರ್ ಕಡೆ ಒಮ್ಮೆಯೂ ತಿರುಗಿರಲಿಲ್ಲ. ವಿಡಿಯೋ ನೋಡಿದಾಗಲೇ ಗೊತ್ತಾಗಿದ್ದು. ಸಭೆ ಕಡೆ ನೋಡಿಕೊಂಡು, ದನಿ ಏರಿಸಿ, ಭಾಷಣದ ಹಾಗೆ ಓದಿದ್ದೇನೆ. ಟೀಚರ್ ಪಕ್ಕದಲ್ಲಿ ಕುರ್ಚಿ ಮೇಲೆ, ಶಾಲಿನ ಅಂಚು ಹಿಡಿದುಕೊಂಡು, ಬೇರೆ ಯಾರದೋ ವಿಷಯ ಕೇಳುವವರ ಹಾಗೆ ಕೂತಿದ್ದಾರೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅವರು ಓದಿದ್ದನ್ನು ನಾನು ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲ. ಅವರ ಊರು ನಮ್ಮ ಊರಿಗೆ ಇಪ್ಪತ್ತು ನಿಮಿಷದ ದಾರಿ. "ಕೇಳುಗರ ಮನಸೂರೆಗೊಂಡ ಕಂಠ" ಅಂತ ಬರೆದಿದ್ದೆ. ಕೇಳದ ಕಂಠದ ಬಗ್ಗೆ ಹಾಗೆ ಬರೆಯಬಾರದಿತ್ತು.

ಬಾಯಿಪಾಠದ ಇಸವಿಗಳು

ನನಗೆ ಕುವೆಂಪು ಮೊದಲು ಸಿಕ್ಕಿದ್ದು ಇಸವಿಗಳಾಗಿ. ನನ್ನ ವಯಸ್ಸಿನವರಿಗೆಲ್ಲ ಹೀಗೇ ಇರಬೇಕು. ಶಾಲೆಯಲ್ಲಿ ರಸಪ್ರಶ್ನೆ ಇರುತ್ತಿತ್ತು. 1904ರಲ್ಲಿ ಜನನ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ. 1957ರಲ್ಲಿ ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1958ರಲ್ಲಿ ಪದ್ಮಭೂಷಣ. 1964ರಲ್ಲಿ ರಾಷ್ಟ್ರಕವಿ. 1967ರ ಜ್ಞಾನಪೀಠ, ಅದೂ ಕನ್ನಡಕ್ಕೆ ಮೊದಲನೆಯದು. ಬೆಲ್ಲು ಹೊಡೆಯುವುದರೊಳಗೆ ಒಂದೇ ಉಸಿರಿಗೆ ಹೇಳುತ್ತಿದ್ದೆವು. ನಾವು ಶಾಲೆಗೆ ಹೋಗುತ್ತಿದ್ದಾಗಲೇ ಆ ಪಟ್ಟಿ ಬೆಳೆಯುತ್ತಲೂ ಇತ್ತು. 1987ರಲ್ಲಿ ಮೊದಲ ಪಂಪ ಪ್ರಶಸ್ತಿ ಬಂತು. ಅದೇ ವರ್ಷ ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯ ಬಂತು. ಆಮೇಲೆ ಪದ್ಮವಿಭೂಷಣ. 1992ರಲ್ಲಿ ಮೊದಲ ಕರ್ನಾಟಕ ರತ್ನ ಕುವೆಂಪು ಅವರಿಗೂ ರಾಜ್‌ಕುಮಾರ್ ಅವರಿಗೂ ಒಟ್ಟಿಗೆ ಬಂದಾಗ ನಾನು ಹೈಸ್ಕೂಲು. ಪಟ್ಟಿಗೆ ಹೊಸ ಸಾಲು ಬರೆದುಕೊಂಡೆ. ರಾಷ್ಟ್ರಕವಿ ಎಷ್ಟು ಜನ ಅಂತ ಕೇಳಿದರೆ ಆಗ ಇಬ್ಬರ ಹೆಸರು ಹೇಳುತ್ತಿದ್ದೆವು. ಮೊದಲು ಮಂಜೇಶ್ವರದ ಗೋವಿಂದ ಪೈ, ಆಮೇಲೆ ಕುವೆಂಪು. ಮೂರನೆಯವರಾಗಿ 2006ರಲ್ಲಿ ನಮ್ಮದೇ ಜಿಲ್ಲೆಯ ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪನವರು ಆದರು. ಅವರು 2013ರಲ್ಲಿ ತೀರಿಕೊಂಡ ಮೇಲೆ ಆ ಬಿರುದು ಯಾರಿಗೂ ಹೋಗಿಲ್ಲ. ಇನ್ನೊಬ್ಬರು ಯಾರು ಅಂತ ಇವತ್ತೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ವಾದ ಮಾಡುವವರಿದ್ದಾರೆ.

ಇಷ್ಟೆಲ್ಲ ಬಾಯಿಪಾಠ ಇದ್ದವನಿಗೆ ರಾಮಾಯಣ ದರ್ಶನದ ಒಂದು ಪುಟ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಪುಸ್ತಕ ಇತ್ತು. ಕಾಲೇಜಿನಲ್ಲಿದ್ದಾಗ ಎರಡು ಸಲ ಶುರು ಮಾಡಿದ್ದೆ. ಹತ್ತು ಪುಟಕ್ಕೆ ನಿಂತಿತ್ತು. ಕಷ್ಟ ಅಂತ ಮುಚ್ಚಿಟ್ಟೆ. ಮುಚ್ಚಿಟ್ಟ ಪುಸ್ತಕದ ಬಗ್ಗೆ ಸಭೆಯಲ್ಲಿ "ಮಹಾಕಾವ್ಯ" ಅಂತ ಎಷ್ಟು ಸಲ ಹೇಳಿದ್ದೇನೋ.

2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿದ್ದರು. ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಸುದ್ದಿ ಬಂದ ಬೆಳಿಗ್ಗೆ ನಮ್ಮ ಕಡೆ ಯಾರಿಗೂ ಕೆಲಸದಲ್ಲಿ ಮನಸ್ಸಿರಲಿಲ್ಲ. ನಮ್ಮ ಮನೆಯಲ್ಲೇ ಕಳ್ಳತನ ಆದ ಹಾಗೆ ಜನ ಮಾತಾಡಿಕೊಂಡರು. ನಾನೂ ಬಹಳ ನೊಂದುಕೊಂಡಿದ್ದೆ. ಆ ನೋವು ಸುಳ್ಳಲ್ಲ, ಇವತ್ತೂ ಇದೆ. ಆದರೆ ಆಮೇಲೆ ಯೋಚಿಸಿದರೆ, ಪದಕ ಹೋಗಿದ್ದು ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಕಾವ್ಯ ಓದುವ ದನಿಗಳು ಒಂದೊಂದಾಗಿ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಟೀಚರ್ ಹೇಳಿದ ಪ್ರಕಾರ ಅವರ ಸುತ್ತಮುತ್ತ ಒಂದು ಕಾಲದಲ್ಲಿ ಇದನ್ನು ಓದುವವರು ಆರೇಳು ಜನ ಇದ್ದರಂತೆ. ಈಗ ಅವರೊಬ್ಬರೇ.

ಕುಪ್ಪಳಿಗೆ ಹೋದವರೆಲ್ಲ ಕವಿಶೈಲದ ಬಂಡೆ ನೋಡಿರುತ್ತೀರಿ. ಅದರ ಮೇಲೆ ಕೆತ್ತಿದ ಹೆಸರುಗಳಿವೆ. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು. ಮೇಷ್ಟ್ರುಗಳೂ ಶಿಷ್ಯನೂ ಒಂದೇ ಕಲ್ಲಿನ ಮೇಲೆ. ಮಳೆ, ಪಾಚಿ ಎಲ್ಲ ಕಂಡ ಅಕ್ಷರಗಳು. ಆ ಕಲ್ಲನ್ನು ನಾನು ಎಷ್ಟೋ ಸಲ ನೋಡಿದ್ದೆ, ಫೋಟೋ ತೆಗೆದಿದ್ದೆ. ರಾಮಾಯಣ ದರ್ಶನ ಅರ್ಪಣೆಯಾಗಿರುವುದು ಅದೇ ವೆಂಕಣ್ಣಯ್ಯನವರಿಗೆ ಅಂತ ನನಗೆ ಗೊತ್ತಿತ್ತು, ಅದೂ ರಸಪ್ರಶ್ನೆಯ ಉತ್ತರವಾಗಿ. ಅವರು ತೀರಿಕೊಂಡದ್ದು 1939ರಲ್ಲಿ. ಕಾವ್ಯ ಅಚ್ಚಾದದ್ದು 1949ರಲ್ಲಿ. ಕೇಳಬೇಕಾದ ಗುರುವೇ ಇಲ್ಲ. ಆದರೂ ಶಿಷ್ಯ ಎದುರಿಗೆ ನಿಂತು ಮಾತಾಡುವ ಹಾಗೆ, ಮುಗಿಸಿ ತಂದಿದ್ದೇನೆ ಅಂತ ಒಪ್ಪಿಸುತ್ತಾರೆ. ಈ ಸಲ ಟೀಚರ್ ಮನೆಯಿಂದ ಬಂದ ಮೇಲೆ ಆ ಅರ್ಪಣೆಯ ಪುಟವನ್ನು ಗಟ್ಟಿಯಾಗಿ ಓದಿದೆ. ಬಿನ್ನಪ ಅಂದರೆ ಇದು ಅಂತ ಅನ್ನಿಸಿತು. ಇಪ್ಪತ್ತೆರಡು ಸಾವಿರಕ್ಕೂ ಜಾಸ್ತಿ ಸಾಲು ಬರೆದು, ಅದನ್ನು ತೆಗೆದುಕೊಂಡು ಹೋಗಿ ಒಬ್ಬ ಮನುಷ್ಯನ ಪಾದದ ಹತ್ತಿರ ಇಡುವುದು.

ಉಸಿರಿನ ಗೆರೆ

ಕಾರ್ಯಕ್ರಮ ಆಗಿ ಹದಿನೈದು ದಿನಕ್ಕೆ ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕು ಅಂತಲೇ ಹೊರಟಿದ್ದು. ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ನಾಲ್ಕೈದು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಒಲೆ ಮೇಲಿನ ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ. ಟೀಚರ್ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಲೆಕ್ಕದ ಪುಸ್ತಕ ನೋಡುತ್ತಿದ್ದರು.

"ಬಾ ಮಾರಾಯ. ಬಿನ್ನವತ್ತಳೆ ಓದಿದೋನು ಅಲ್ವಾ ನೀನು? ಕೂತ್ಕ" ಅಂದರು.

ನಾನು ಜೋಡಿಸಿಕೊಂಡದ್ದು ಯಾವುದೂ ಬಾಯಿಗೆ ಬರಲಿಲ್ಲ. "ಟೀಚರೇ, ಅವತ್ತು ನಿಮಗೆ ಓದೋಕೆ ಬಿಡಲಿಲ್ಲ. ತಪ್ಪಾಯ್ತು" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು 1994ರ ನವೆಂಬರಿನ ಕಥೆ. ಕುವೆಂಪು ಮೈಸೂರಿನಲ್ಲಿ ತೀರಿಕೊಂಡು, ಕುಪ್ಪಳಿಗೆ ಅವರನ್ನು ತಂದ ದಿನ. ಟೀಚರ್ ಶಾಲೆಯ ಮಕ್ಕಳನ್ನು ಕರೆದುಕೊಂಡು ಗಡಿಕಲ್ಲಿನಿಂದ ನಡೆದುಕೊಂಡೇ ಹೋಗಿದ್ದರಂತೆ. ಜನವೋ ಜನ. ಕಾಡಿನ ದಾರಿ ಕಾಣದಷ್ಟು ಜನ. ಕೈಚೀಲದಲ್ಲಿ ಪುಸ್ತಕ ಇತ್ತಂತೆ. ಎಲ್ಲಾದರೂ ಒಂದು ಮೂಲೆಯಲ್ಲಿ ನಿಂತು, ಯಾರಿಗೂ ಕೇಳಿಸದಿದ್ದರೂ ಪರವಾಗಿಲ್ಲ, ನಾಲ್ಕು ಸಾಲು ಓದಿ ಬರೋಣ ಅಂತ ಆಸೆ. "ಧೈರ್ಯ ಬರ್ಲಿಲ್ಲ. ದೊಡ್ಡ ದೊಡ್ಡೋರೆಲ್ಲ ಇದ್ರು. ನಾನು ಯಾರು ಅಂತ ಓದೋದು? ಹಂಗೇ ವಾಪಸ್ ಬಂದೆ. ರಾತ್ರಿ ಮಕ್ಕಳೆಲ್ಲ ಮಲಗಿದ್ ಮೇಲೆ ಇಲ್ಲೇ, ಈ ಜಗಲೀಲಿ ಕೂತು ಓದ್ದೆ. ಬೆಳಗಾಗೋವರೆಗೂ ಓದ್ದೆ." ಸ್ವಲ್ಪ ತಡೆದು, "ಅವತ್ತು ಅಲ್ಲಿ ಓದಿಲ್ಲ ಅಂತ ಒಂದು ಕೊರಗು ಇತ್ತು ನೋಡು. ಮೊನ್ನೆ ನೀವೆಲ್ಲ ಕರೆದಾಗ, ಅವರ ಹೆಸರಿನ ಸಭೆ ಅಲ್ವಾ, ಅದನ್ನ ತೀರಿಸ್ಕೋಬಹುದು ಅನ್ಕಂಡಿದ್ದೆ" ಅಂದರು.

ನನಗೆ ಅವರ ಮುಖ ನೋಡಲಾಗಲಿಲ್ಲ.

ಅವರು ಎದ್ದು ಒಳಗೆ ಹೋಗಿ ಪುಸ್ತಕ ತಂದರು. ಕ್ಯಾಲೆಂಡರ್ ಹಾಳೆಯ ಬೈಂಡು. ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ. ಅಂಚು ಎಣ್ಣೆ ಕೈಯಿಂದ ಕಂದಾಗಿದೆ. ತೆಗೆದು ನೋಡಿದರೆ ಪುಟಪುಟದಲ್ಲೂ ಪೆನ್ಸಿಲ್ ಗುರುತು. ಎರಡು ಪದದ ನಡುವೆ ಒಂದು ಸಣ್ಣ ನಿಂತ ಗೆರೆ. ಕೆಲವು ಕಡೆ ಒಂದು ಸೊನ್ನೆ. ಪಕ್ಕದಲ್ಲಿ ಮೋಹನ, ಮುಖಾರಿ, ನಾದನಾಮಕ್ರಿಯೆ ಅಂತ ಚಿಕ್ಕ ಅಕ್ಷರ.

"ಈ ಗೆರೆ ಎಂತದು ಟೀಚರೇ?"

"ಉಸಿರು. ಅಲ್ಲಿ ಉಸಿರು ತಗೋಬೇಕು. ಸೊನ್ನೆ ಇದ್ದಲ್ಲಿ ರಾಗ ಬದಲು."

ಆಮೇಲೆ ಅವರು ಹೇಳಿಕೊಟ್ಟದ್ದು ನನಗೆ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ. ಷಟ್ಪದಿಯಾದರೆ ಆರು ಸಾಲಿಗೆ ಒಂದು ನಿಲ್ದಾಣ ಇದೆ, ಅಲ್ಲಿ ನಿಂತು ದಣಿವಾರಿಸಿಕೊಳ್ಳಬಹುದು. ರಾಮಾಯಣ ದರ್ಶನದ ಛಂದಸ್ಸಿನಲ್ಲಿ ಹಾಗಿಲ್ಲ. ಮಾತು ಒಂದು ಸಾಲಿನ ನಡುವೆ ಹುಟ್ಟುತ್ತದೆ. ಹತ್ತು ಸಾಲು ದಾಟಿ ಇನ್ಯಾವುದೋ ಸಾಲಿನ ನಡುವೆ ಮುಗಿಯುತ್ತದೆ. ಒಂದು ಉಪಮೆ ಶುರುವಾದರೆ ಮಲೆನಾಡಿನ ಒಂದು ಇಡೀ ಕಾಡು ಬಂದು ಹೋಗುತ್ತದೆ, ಆಮೇಲೆ "ಹಾಗೆ" ಅಂತ ಕಥೆಗೆ ವಾಪಸ್ಸು ಬರುತ್ತದೆ. ಎಲ್ಲೆಂದರಲ್ಲಿ ಉಸಿರು ಬಿಟ್ಟರೆ ಅರ್ಥ ಕಡಿದು ಬೀಳುತ್ತದೆ. ಸಾಲಿನ ಕೊನೆಗೆ ನಿಂತರೆ ಕಷ್ಟದ ಕಾವ್ಯ. ಅರ್ಥದ ಕೊನೆಗೆ ನಿಂತರೆ ಸಲೀಸು. ಅದಕ್ಕೇ ನನಗೆ ಹತ್ತು ಪುಟಕ್ಕೆ ನಿಂತುಹೋಗಿದ್ದು. ನಾನು ಪ್ರತಿ ಸಾಲಿನ ಕೊನೆಗೂ ನಿಲ್ಲುತ್ತಿದ್ದೆ. ಟೀಚರಿಗೆ ಇದನ್ನು ಹೇಳಿಕೊಟ್ಟವರು ಅವರ ಮೊದಲ ಶಾಲೆಯ ಹೆಡ್‌ಮೇಷ್ಟ್ರು. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಮೂರು ವರ್ಷ. ಟೀಚರ್ ಮನೆಯಲ್ಲಿ ಅವರಿಗಿಂತ ಮುಂಚೆ ಓದು ಬರಹ ಬಂದವರೇ ಇರಲಿಲ್ಲ.

ಒಂದು ಪುಟದಲ್ಲಿ ಗೆರೆಯ ಗುರುತು ಬೇರೆ ಥರ ಕಂಡಿತು. ಹಳೇ ಗೆರೆ ರಬ್ಬರಿನಲ್ಲಿ ಉಜ್ಜಿದ್ದಾರೆ, ಕಾಗದ ಅಲ್ಲಿ ತೆಳ್ಳಗಾಗಿದೆ. ಅದಕ್ಕಿಂತ ಮೂರು ಪದ ಮುಂಚೆ ಹೊಸ ಗೆರೆ. ಆಮೇಲೆ ಇನ್ನೊಂದು. ತಿರುಗಿಸುತ್ತಾ ಹೋದರೆ ಬಹಳ ಕಡೆ ಹಾಗೇ ಇದೆ.

"ಮುಂಚೆ ಒಂದೇ ಉಸಿರಿಗೆ ಬರ್ತಿತ್ತು. ಹೋದ ವರ್ಷದಿಂದ ಆಗಲ್ಲ. ಎರಡು ಮಾಡ್ಕಂಡಿದ್ದೀನಿ. ಅರ್ಥ ಕೆಡದ ಹಾಗೆ ಎಲ್ಲಿ ಮುರೀಬಹುದು ಅಂತ ಹುಡುಕಿ ಹುಡುಕಿ ಹಾಕಿದ್ದು" ಅಂದರು.

ಆ ಉಜ್ಜಿದ ಜಾಗದ ಮೇಲೆ ಬೆರಳಿಟ್ಟು ನೋಡಿದೆ. ಸ್ವಲ್ಪ ದೊರಗು. ಎಪ್ಪತ್ತೆಂಟು ವರ್ಷದ ಒಬ್ಬರು, ಕವಿಯ ಮಾತು ತಮ್ಮಿಂದ ಕಡಿಯಬಾರದು ಅಂತ, ತಮ್ಮ ಉಸಿರನ್ನು ಅಳೆದು ಅಳೆದು ಗುರುತು ಹಾಕಿಕೊಂಡಿದ್ದಾರೆ. ನಾವು ಅವರಿಗೆ ಆ ಕವಿಯ ಹೆಸರಿನ ಪ್ರಶಸ್ತಿ ಕೊಟ್ಟು, ಬಾಯಿ ತೆರೆಯುವ ಮುಂಚೆ ಕೂರಿಸಿಬಿಟ್ಟೆವು.

"ಈಗ ಓದ್ತೀರಾ ಟೀಚರೇ?" ಅಂತ ಕೇಳಿದೆ.

ಕೈಚೀಲದಿಂದ ಅದೇ ಹಾಳೆ ತೆಗೆದರು. ಹದಿನೈದು ದಿನವೂ ಅದು ಅಲ್ಲೇ ಇತ್ತು. ಮಂಥರೆಯ ಸಂಚಿಕೆಯಿಂದ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದರು, ವೇದಿಕೆಯ ಬೆಳಕಿನಲ್ಲಿ ಕಾಣಲಿ ಅಂತ. ಲೋಕವೆಲ್ಲ ಬೈದು ಬಿಟ್ಟ ಗೂನು ಬೆನ್ನಿನ ಮುದುಕಿ. ಕುವೆಂಪು ಅವಳನ್ನು ಮಮತೆಯ ಸುಳಿ ಅಂತ ಕರೆದರು. ಭರತನ ಮೇಲಿನ ಪ್ರೀತಿಯಲ್ಲೇ ಮುಳುಗಿದ ಜೀವ ಅಂತ ನೋಡಿದರು. ಟೀಚರ್ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು. ದನಿ ಸಣ್ಣದು, ಅಂಚಿನಲ್ಲಿ ಸ್ವಲ್ಪ ನಡುಗುತ್ತದೆ. ಆದರೆ ಪದ ಒಂದೊಂದೂ ತೊಳೆದಿಟ್ಟ ಹಾಗೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾರೆ, ನಿಂತಾಗ ನನಗೆ ಅರ್ಥ ಬಂದು ಮುಟ್ಟುತ್ತದೆ. ನಿಘಂಟು ಬೇಕು ಅಂದುಕೊಂಡಿದ್ದ ಹಳಗನ್ನಡದ ಪದಗಳು ಅವರ ದನಿಯ ಏರಿಳಿತದಲ್ಲಿ ಸುಮ್ಮನೆ ತಿಳಿದುಬಿಟ್ಟವು.

ಅಂಗಳದಲ್ಲಿ ಅಡಿಕೆ ಸುಲಿಯುವ ಸದ್ದು ನಿಲ್ಲಲಿಲ್ಲ. ಅದರ ನಡುವೆಯೇ ಓದು ನಡೆಯಿತು. ಒಂದು ಕಡೆ ಟೀಚರ್ ಉಸಿರಿಗೆ ನಿಂತಾಗ, ಸುಲಿಯುತ್ತಿದ್ದವರಲ್ಲಿ ಒಬ್ಬರು, ವಯಸ್ಸಾದವರು, ತಲೆ ಎತ್ತದೆ ನನಗೆ ಹೇಳಿದರು: "ಈಗ ಆ ಮುದ್ಕಿ ಕೈಕೆ ಹತ್ರ ಹೋಗ್ತಾಳೆ ನೋಡಿ. ಅಳು ಬರುತ್ತೆ." ಅವರಿಗೆ ಓದು ಬರಹ ಬಾರದು. ಟೀಚರ್ ಓದುವುದನ್ನು ಶ್ರಾವಣದ ಸಂಜೆಗಳಲ್ಲಿ ಕೇಳಿ ಕೇಳಿ ಕಥೆಯ ತಿರುವೆಲ್ಲ ಗೊತ್ತು. ಅಷ್ಟು ವರ್ಷ ರಸಪ್ರಶ್ನೆ ಗೆದ್ದ ನನಗೆ ಮುಂದೇನು ಬರುತ್ತದೆ ಅಂತ ಗೊತ್ತಿರಲಿಲ್ಲ.

ಹತ್ತು ನಿಮಿಷ

ಕಾರ್ಯಕ್ರಮದ ಲೆಕ್ಕಪತ್ರ ಒಪ್ಪಿಸುವ ಸಭೆ ಹೋದ ವಾರ ಇತ್ತು. ನಾನು ಎದ್ದು ನಿಂತು ಹೇಳಿದೆ. ಬರುವ ವರ್ಷದಿಂದ ಮೊದಲ ಅರ್ಧ ಗಂಟೆ ಕವಿಯ ಓದಿಗೆ ಇಡೋಣ. ಸನ್ಮಾನ ಪಡೆಯುವವರು ಏನು ಮಾಡುತ್ತಾರೋ ಅದನ್ನು ವೇದಿಕೆ ಮೇಲೆ ಮಾಡಿಸೋಣ. ಚಿತ್ತಾರದವರಾದರೆ ಬರೆಯಲಿ, ಹಾಡುವವರಾದರೆ ಹಾಡಲಿ. ಬಿನ್ನವತ್ತಳೆ ಒಂದೇ ಪುಟ. ಬರೆಯುವವರು ಅವರ ಮನೆಗೆ ಹೋಗಿ, ನೋಡಿ, ಕೇಳಿಯೇ ಬರೆಯಬೇಕು.

ಚರ್ಚೆ ಆಯಿತು. ಒಬ್ಬರು ಹೇಳಿದ್ದು ನ್ಯಾಯವೇ. ಅತಿಥಿಗಳನ್ನು ಕೂರಿಸದಿದ್ದರೆ ಶಾಮಿಯಾನ, ಊಟ, ಪ್ರಶಸ್ತಿಯ ಹಣ ಎಲ್ಲಿಂದ ಬರಬೇಕು? ಹತ್ತು ಸಾವಿರ ಕೂಡಿಸಲು ಹತ್ತು ಮನೆ ಬಾಗಿಲಿಗೆ ಹೋಗುವವರು ಅವರೇ. ಕಾರ್ಯದರ್ಶಿಗಳು ಅವತ್ತು ಬೆಳಿಗ್ಗೆ ಐದಕ್ಕೆ ಎದ್ದು ಕುರ್ಚಿ ಹೊತ್ತಿದ್ದರು, ಅದೂ ನನಗೆ ಗೊತ್ತು. ಅವರ ದುಡಿಮೆಯನ್ನು ನಾನು ಹಗುರ ಮಾಡಲಾರೆ. ಆದರೆ ಕುಪ್ಪಳಿಯಲ್ಲಿ ಕುವೆಂಪು ಪ್ರತಿಷ್ಠಾನದವರು 2013ರಿಂದ ಕೊಡುತ್ತಿರುವ ರಾಷ್ಟ್ರೀಯ ಪುರಸ್ಕಾರವನ್ನೇ ನೋಡಿ ಅಂದೆ. ಐದು ಲಕ್ಷ ರೂಪಾಯಿಯದು. ತಮಿಳಿನ ಇಮಯಂ ಅವರಿಗೆ ಬಂತು, ಬಂಗಾಳಿಯ ಶೀರ್ಷೇಂದು ಮುಖೋಪಾಧ್ಯಾಯರಿಗೆ ಬಂತು. ಹಣ ದೊಡ್ಡದು ಅನ್ನುವುದಕ್ಕಲ್ಲ ನಾನು ಹೇಳಿದ್ದು. ಕನ್ನಡದ ಕವಿಯ ಹೆಸರು ಇನ್ನೊಂದು ಭಾಷೆಯ ಬರಹಗಾರರ ಮನೆಗೆ ಹೋಗುತ್ತದೆ. ಆ ಹೆಸರು ಹೊರಗೆ ಅಷ್ಟು ದೂರ ನಡೆಯುತ್ತಿರುವಾಗ, ಅವರು ಹುಟ್ಟಿ ಬೆಳೆದ ನೆಲದಲ್ಲಿ ಅವರ ಸಾಲು ಕೇಳಿಸದಿದ್ದರೆ ಹೇಗೆ? ಮಾತಾಡುತ್ತಾ ನನ್ನ ದನಿ ಸ್ವಲ್ಪ ಏರಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

"ಅರ್ಧ ಗಂಟೆ ಕಷ್ಟ. ಹತ್ತು ನಿಮಿಷ ನೋಡೋಣ" ಅಂದರು ಅಧ್ಯಕ್ಷರು. ನಡಾವಳಿ ಪುಸ್ತಕದಲ್ಲಿ ಹತ್ತು ನಿಮಿಷ ಅಂತ ಬರೆಸಿದ್ದೇನೆ. ಮೊದಲ ಹತ್ತು ನಿಮಿಷ, ಅತಿಥಿಗಳು ಬಂದಿರಲಿ ಬಿಡಲಿ.

ಬರುವ ಡಿಸೆಂಬರಿಗೆ ಟೀಚರಿಗೆ ಎಷ್ಟು ಗೆರೆ ಜಾಸ್ತಿಯಾಗಿರುತ್ತದೋ. ಅದಕ್ಕೇ ಈಗ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗುತ್ತಿದ್ದೇನೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುತ್ತೇನೆ. ಅಯೋಧ್ಯಾ ಸಂಪುಟ ಶುರುವಾಗಿದೆ. ಒಂದು ಸಂಚಿಕೆ ಮುಗಿಯಲು ಎರಡು ಭಾನುವಾರ ಬೇಕು, ನಡುವೆ ಅವರಿಗೆ 'ಕಷಾಯ' ಬೇಕು, ಕೆಮ್ಮು ಬಂದರೆ ಮತ್ತೆ ಮೊದಲಿಂದ. ಮಗಳೂ ಜೊತೆಗೆ ಬರುತ್ತಾಳೆ, ಒಂಬತ್ತನೇ ಕ್ಲಾಸು. ಅವಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕೇಳುತ್ತಾಳೆ.

ಮೊನ್ನೆಯ ಭಾನುವಾರ ನಾನು ಒಂದು ಹಾಳೆ ತೆಗೆದುಕೊಂಡು ಹೋಗಿದ್ದೆ. ಬಿನ್ನವತ್ತಳೆಯನ್ನು ಹೊಸದಾಗಿ, ಕೈಯಲ್ಲೇ ಬರೆದಿದ್ದೆ. ಹಳೇ ಕಡತ ತೆಗೆಯಲಿಲ್ಲ. ಒಂದೇ ಪುಟ. ಅದರಲ್ಲಿ ಹೆಡ್‌ಮೇಷ್ಟ್ರು ಇದ್ದಾರೆ, ಗಡಿಕಲ್ಲಿನಿಂದ ನಡೆದ ದಾರಿ ಇದೆ, ರಬ್ಬರಿನಲ್ಲಿ ಉಜ್ಜಿದ ಗೆರೆ ಇದೆ, ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಮಂಥರೆಗಾಗಿ ಅಳುವ ಆ ಅಮ್ಮ ಇದ್ದಾರೆ. ಟೀಚರ್ ಎದುರಿಗೆ ಕೆಳಗೆ ಕೂತು, ಅವರ ಮುಖ ನೋಡಿಕೊಂಡು, "ತಾವು" ಅಂತ ಶುರು ಮಾಡಿ ಓದಿದೆ.

ಮುಗಿಸಿದಾಗ ಅವರು ಏನೂ ಹೇಳಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಹಾಳೆ ಕೊಡು ಅಂತ ಕೈ ಚಾಚಿದರು. ಮಗಳ ಕೈಯಲ್ಲಿದ್ದ ಪೆನ್ಸಿಲ್ ಇಸಿದುಕೊಂಡು, ಮೂರನೇ ಸಾಲಿನ ಎರಡು ಪದದ ನಡುವೆ ಒಂದು ಸಣ್ಣ ನಿಂತ ಗೆರೆ ಹಾಕಿದರು.

"ಇಲ್ಲಿ ನೀನು ಉಸಿರೇ ತಗೊಳ್ಳದೆ ಓಡ್ದೆ ನೋಡು. ಇನ್ನೊಂದ್ಸಲ ಓದು."